ಪರಸಗಡದ ದಾರಿಯಲ್ಲಿ ಒಂದು ದಿನ

ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಹೇಳುತ್ತಾರೆ. ಗಿಡಕ್ಕೆ ಸಲ್ಲುವ ಈ ಮಾತು ಗುಡ್ಡಕ್ಕೂ ಸಲ್ಲುತ್ತದೆ. ಸವದತ್ತಿಯಲ್ಲಿ ಓದುತ್ತಿದ್ದ ನನಗೆ ಊರ ಬೆನ್ನಿಗಿರುವ ಗುಡ್ಡದ ಸಾಲು ಮನೆಯ ಗೋಡೆಯಷ್ಟೇ ಪರಿಚಿತವಾಗಿತ್ತು. ಅಷ್ಟು ಪರಿಚಿತವಾಗಿದ್ದುದರಿಂದಲೇ ಅದನ್ನು ನಾನು ಎಂದೂ ಕಣ್ಣಿಟ್ಟು ನೋಡಿರಲಿಲ್ಲ. ಭೂಗೋಳದ ಪಾಠದಲ್ಲಿ ಬರುವ ಹಿಮಾಲಯದ ಶಿಖರಗಳ ಎತ್ತರವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದೆ. ಆದರೆ ತರಗತಿಯ ಕಿಟಕಿಯಿಂದ ಕಾಣುವ ಗುಡ್ಡದ ವಿಷಯವನ್ನು ಯಾರಾದರೂ ಕೇಳಿದ್ದರೆ ‘ಅದೊಂದು ಗುಡ್ಡ’ ಎಂಬುದಕ್ಕಿಂತ ಹೆಚ್ಚಿನದೇನನ್ನೂ ಹೇಳಲಾರದವನಾಗಿದ್ದೆ. ನನ್ನ ಈ ಅಜ್ಞಾನವನ್ನು ಒಂದೇ ದಿನದಲ್ಲಿ ಕಳೆದವರು ಶಾಲೆಯ ಮೆಟ್ಟಿಲನ್ನೇ ಹತ್ತದಿದ್ದ ನನ್ನ ಅಜ್ಜ.

ಆಗ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಮುಗಿಸಿ ಹನ್ನೆರಡು ಹದಿಮೂರು ವರ್ಷಗಳಾಗಿದ್ದವು. ಭಾರತ ಹುಣ್ಣಿಮೆಯ ಜಾತ್ರೆ ಕಳೆದು ಒಂದು ವಾರವಾಗಿತ್ತು. ಹಿಂಗಾರಿ ಜೋಳದ ಸುಗ್ಗಿ ನಡೆದಿತ್ತು. ಶನಿವಾರ ಸಂಜೆ ಕಣದಿಂದ ಮರಳಿದ ಅಜ್ಜ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಮೆಲ್ಲುತ್ತಾ, “ನಾಳಿ ನಸಕಿನ್ಯಾಗ ಏಳು ತಮ್ಮಾ. ಪರಸಗಡಕ್ಕ ಹೋಗಿ ಬರೂಣು” ಎಂದ.

“ಅಲ್ಲೇನೈತಿ ಅಜ್ಜಾ?” ಎಂದೆ.

“ಏನೈತಿ ಅನ್ನೂದು ಹೋದ ಮ್ಯಾಲ ನೋಡಿದ್ರಾತು” ಎಂದು ಮಾತು ಮುಗಿಸಿಬಿಟ್ಟ.

ಒಳಗಿನಿಂದ ಅಜ್ಜಿ ಒಂದು ಮಾತನ್ನೂ ಆಡಲಿಲ್ಲ. ಎಪ್ಪತ್ತರ ಮುದುಕನಿಗೆ ಗುಡ್ಡ ಹತ್ತುವ ಹುಚ್ಚೇಕೆ ಎಂದು ಅವಳು ಗದರಿಸಬಹುದೆಂದು ನಾನು ಎಣಿಸಿದ್ದೆ. ಅವಳು ಸುಮ್ಮನೆ ಎದ್ದು ಹೋಗಿ ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದಳು. ವರ್ಷಕ್ಕೊಮ್ಮೆ ಅಜ್ಜ ಹೀಗೆ ಗುಡ್ಡಕ್ಕೆ ಹೋಗುತ್ತಿದ್ದನೆಂಬುದೂ, ಏಕೆ ಹೋಗುತ್ತಿದ್ದನೆಂಬುದೂ ಅವಳಿಗೆ ತಿಳಿದಿತ್ತು. ನನಗೆ ಮಾತ್ರ ತಿಳಿದಿರಲಿಲ್ಲ.

ಮರುದಿನ ಬೆಳ್ಳಿಚುಕ್ಕಿ ಇನ್ನೂ ಮಾಸದಿರುವಾಗಲೇ ಹೊರಟೆವು. ಅಜ್ಜನ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ. ನನ್ನ ಬಗಲಲ್ಲಿ ಬುತ್ತಿಯ ಗಂಟು: ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ, ಎರಡು ಉಳ್ಳಾಗಡ್ಡಿ. ಊರೊಳಗಿನ ಕೋಟೆಯ ಬುರುಜುಗಳು ಮಸುಕು ಬೆಳಕಿನಲ್ಲಿ ದೊಡ್ಡ ಕಣಜಗಳಂತೆ ತೋರುತ್ತಿದ್ದವು. ಹದಿನೆಂಟನೆಯ ಶತಮಾನದಲ್ಲಿ ಶಿರಸಂಗಿ ಮನೆತನದ ಜಯಪ್ಪ ದೇಸಾಯಿ ಕಟ್ಟಿಸಿದ ಕೋಟೆ ಅದು. ಒಳಗಿರುವ ಕಾಡಸಿದ್ಧೇಶ್ವರನ ಗುಡಿಯಲ್ಲಿ ಯಾರೋ ಗಂಟೆ ಬಾರಿಸಿದರು. ಅಜ್ಜ ನಿಂತು, ಗುಡಿಯ ದಿಕ್ಕಿಗೆ ಕೈ ಮುಗಿದು, ಮತ್ತೆ ನಡೆದ.

ಸವದತ್ತಿ ಈಗ ಒಂದು ತಾಲೂಕು ಊರು. ಆದರೆ ಹಿಂದೆ ಅದೊಂದು ರಾಜಧಾನಿಯಾಗಿತ್ತು. ಶಾಸನಗಳು ಅದನ್ನು ಸುಗಂಧವರ್ತಿ ಎಂಬ ಚೆಲುವಾದ ಹೆಸರಿನಿಂದ ಕರೆಯುತ್ತವೆ. ಒಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಹದಿಮೂರನೆಯ ಶತಮಾನದ ಆರಂಭದವರೆಗೆ ರಟ್ಟ ಮನೆತನದ ಅರಸರು ಇಲ್ಲಿಂದ ಆಳಿದರು. ಮೊದಲು ರಾಷ್ಟ್ರಕೂಟರಿಗೂ ಬಳಿಕ ಕಲ್ಯಾಣದ ಚಾಲುಕ್ಯರಿಗೂ ಅವರು ಸಾಮಂತರಾಗಿದ್ದರು. ನಾಲ್ಕನೆಯ ಕಾರ್ತವೀರ್ಯನ ಕಾಲಕ್ಕೆ ರಾಜಧಾನಿ ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ, ಹೋಯಿತು. ಬೆಳಗಾವಿಯ ಕೋಟೆಯೊಳಗಿರುವ ಕಮಲ ಬಸದಿ ಆ ಅರಸನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ್ದು. ಅರಸರು ಹೋದರು, ಅರಮನೆಯೂ ಹೋಯಿತು. ಊರು ಮಾತ್ರ ಉಳಿಯಿತು. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದುಕೊಂಡೆ. ಆ ಬೆಳಗು ನನ್ನ ಅಜ್ಜ ಹೇಳಿದ್ದು ಇಷ್ಟೇ: “ಊರಿಗಿ ಅರಸ ಇದ್ರೂ ನಡೀತೈತಿ, ಇಲ್ಲದಿದ್ರೂ ನಡೀತೈತಿ. ನೀರು ಇಲ್ಲದಿದ್ರ ನಡಿಯೂದಿಲ್ಲ.”

ಪರಸಗಡವು ಸವದತ್ತಿಯ ತೆಂಕಣಕ್ಕೆ ಸುಮಾರು ಮೂರು ಕಿಲೋಮೀಟರು ದೂರದಲ್ಲಿ ಗುಡ್ಡದ ನೆತ್ತಿಯ ಮೇಲಿರುವ ಪಾಳುಕೋಟೆ. ಒಂದು ಕಾಲದಲ್ಲಿ ಇಡೀ ತಾಲೂಕಿಗೇ ಪರಸಗಡ ತಾಲೂಕು ಎಂಬ ಹೆಸರಿತ್ತು. ಪರಶುರಾಮನ ಹೆಸರೇ ಗಡಕ್ಕೆ ಬಂದಿದೆ ಎಂದು ಜನ ನಂಬುತ್ತಾರೆ. ಪಕ್ಕದ ಗುಡ್ಡದಲ್ಲಿ ತಾಯಿ ರೇಣುಕೆ ಇರುವಾಗ ಈ ಗುಡ್ಡದಲ್ಲಿ ಮಗ ಇರುವುದು ಜನರ ಕಲ್ಪನೆಗೆ ಸಹಜವಾಗಿಯೇ ತೋರಿರಬೇಕು.

ಹೊಲಗಳನ್ನು ದಾಟಿ ಏರು ಹಿಡಿಯುವ ಹೊತ್ತಿಗೆ ಮೂಡಲು ಕೆಂಪಾಯಿತು. ಗುಡ್ಡದ ಇಳಿಜಾರಿನಲ್ಲಿ ಕಾರಿ, ಕವಳಿ, ಜಾಲಿಯ ಕಂಟಿಗಳು ಅಲ್ಲಲ್ಲಿ ಬೆಳೆದಿದ್ದವು. ಬಾರಿಯ ಕಂಟಿಯಲ್ಲಿ ಕೊನೆಯ ಹಣ್ಣುಗಳು ಒಣಗಿ ಮುದುಡಿದ್ದವು. ಎಲ್ಲಿಯೋ ಮರೆಯಲ್ಲಿ ಕೌಜುಗ ಕೂಗಿತು. ನಾನು ಓಡೋಡಿ ಏರುತ್ತಿದ್ದೆ. ನೂರು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತಿದ್ದೆ. ಅಜ್ಜ ಒಂದೇ ಸಮನೆ, ಹೊಲದಲ್ಲಿ ಕುಂಟೆ ಹೊಡೆಯುವವನಂತೆ ನಡೆಯುತ್ತಿದ್ದ. ಸ್ವಲ್ಪ ಹೊತ್ತಿನಲ್ಲಿ ಅವನು ನನ್ನ ಮುಂದೆ ಇದ್ದ. “ಗುಡ್ಡ ಓಡಿ ಹೋಗೂದಿಲ್ಲ ತಮ್ಮಾ, ನೀ ಯಾಕ ಓಡ್ತಿ?” ಎಂದು ನಕ್ಕ.

ಅರ್ಧ ದಾರಿಯಲ್ಲಿ ಒಂದು ಅಗಲವಾದ ಹಾಸುಬಂಡೆ ಸಿಕ್ಕಿತು. ಅಜ್ಜ ಅದರ ಮೇಲೆ ಕುಳಿತು ನನ್ನನ್ನು ಕರೆದು, “ಕೈಯಾಡಿಸಿ ನೋಡು” ಎಂದ. ಬಂಡೆಯ ಮೈ ನುಣ್ಣಗಿರಲಿಲ್ಲ. ಸಾಲುಸಾಲಾಗಿ ಏರಿಳಿಯುವ ಗೆರೆಗಳು ಅದರ ತುಂಬ ಹರಡಿದ್ದವು. ಮಳೆಗಾಲದಲ್ಲಿ ಹಳ್ಳದ ಉಸುಕಿನ ಮೇಲೆ ನೀರು ಹರಿದುಹೋದ ಮೇಲೆ ಉಳಿಯುತ್ತವಲ್ಲ, ಅಂಥವೇ ಗೆರೆಗಳು. “ಇಲ್ಲಿ ಒಮ್ಮೆ ನೀರಿತ್ತು ಅಂತ ನಮ್ಮ ಅಪ್ಪ ಹೇಳ್ತಿದ್ದ” ಎಂದ ಅಜ್ಜ. ಗುಡ್ಡದ ನೆತ್ತಿಯ ಹತ್ತಿರ ನೀರೆಂದರೆ ನನಗೆ ನಗು ಬಂದಿತು. ಸೋಮವಾರ ಶಾಲೆಯಲ್ಲಿ ವಿಜ್ಞಾನದ ಗುರುಗಳಿಗೆ ಈ ಮಾತನ್ನು ತಮಾಷೆಯೆಂಬಂತೆ ಹೇಳಿದೆ. ಅವರು ನಗಲಿಲ್ಲ. ಈ ಗುಡ್ಡಗಳ ಕಲ್ಲು ನೂರು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಕಡಲ ನೀರಿನಡಿಯಲ್ಲಿ ಪದರ ಪದರವಾಗಿ ಕುಳಿತ ಮರಳು ಎಂದೂ, ಮೇಲಿನ ಭಾರಕ್ಕೆ ಗಟ್ಟಿಗೊಂಡು ಕಲ್ಲಾಯಿತೆಂದೂ, ಬಾದಾಮಿ ಗೋಕಾಕಗಳ ಕಡೆ ಕಾಣುವ ಮರಳುಗಲ್ಲೂ ಇದೇ ಬಳಗಕ್ಕೆ ಸೇರಿದ್ದೆಂದೂ ವಿವರಿಸಿದರು. ಭೂವಿಜ್ಞಾನಿಗಳು ಇದನ್ನು ಕಲಾದಗಿ ಶಿಲಾಸಮೂಹ ಎಂದು ಕರೆಯುತ್ತಾರೆ. ಅದರ ಒಂದು ಪದರಕ್ಕೆ ನಮ್ಮ ಸವದತ್ತಿಯ ಹೆಸರನ್ನೇ ಇಟ್ಟಿದ್ದಾರೆ. ಅಕ್ಷರ ಬಾರದ ನನ್ನ ಮುತ್ತಜ್ಜ ಕಲ್ಲಿನ ಮೇಲೆ ಕೈಯಾಡಿಸಿ ಓದಿದ್ದು ಸರಿಯಾದ ಪಾಠವೇ ಆಗಿತ್ತು.

ಗಡವನ್ನು ಮುಟ್ಟಿದಾಗ ಬಿಸಿಲು ಚುರುಗುಟ್ಟತೊಡಗಿತ್ತು. ಪರಸಗಡದಲ್ಲಿ ಈಗ ಉಳಿದಿರುವುದು ಕುಸಿದ ಗೋಡೆಗಳು, ಕಂಟಿ ಬೆಳೆದ ಬುರುಜಿನ ಬುಡಗಳು, ಹಾದಿ ತಪ್ಪಿದ ಮೆಟ್ಟಿಲುಗಳು. ಕಡಿದಾದ ಬಂಡೆಯ ಅಂಚೇ ಹಲವೆಡೆ ಕೋಟೆಯ ಗೋಡೆಯ ಕೆಲಸ ಮಾಡಿದೆ. ಮನುಷ್ಯ ಕಟ್ಟಿದ ಗೋಡೆ ಬಿದ್ದಿದೆ. ನಿಸರ್ಗ ಕಟ್ಟಿದ ಗೋಡೆ ನಿಂತಿದೆ. ಬಂಡೆಯ ತಗ್ಗುಗಳಲ್ಲಿ ಮಳೆಯ ನೀರು ನಿಂತು ಒಣಗಿದ ಕಲೆಗಳಿದ್ದವು.

ಜಗತ್ತಿನಲ್ಲೆಲ್ಲ ಗುಡ್ಡದ ಮೇಲೆ ಕೋಟೆ ಕಟ್ಟಿದವರು ಎದುರಿಸಿದ ಮೊದಲ ಶತ್ರು ನೀರಡಿಕೆಯೇ. ಸ್ಪೇನ್ ದೇಶದಲ್ಲಿ ಗ್ರನಾಡಾ ಎಂಬ ಪ್ರಾಚೀನ ನಗರವಿದೆ. ಅದರ ಬೆನ್ನಿಗೆ ಹಿಮ ಹೊತ್ತ ಪರ್ವತಗಳಿವೆ; ಊರ ಮೇಲಿನ ಗುಡ್ಡದ ಮೇಲೆ ಆಲ್‌ಹಂಬ್ರಾ ಎಂಬ ಲೋಕಪ್ರಸಿದ್ಧವಾದ ಕೋಟೆ ಅರಮನೆಗಳಿವೆ. ಹದಿಮೂರನೆಯ ಶತಮಾನದಲ್ಲಿ ಅದನ್ನು ಕಟ್ಟತೊಡಗಿದ ಅರಸರು ಡಾರೋ ಎಂಬ ಹೊಳೆಯ ನೀರನ್ನು ಮೇಲ್ಭಾಗದಲ್ಲಿಯೇ ತಿರುಗಿಸಿ, ಬೆಟ್ಟದ ಬದಿಗುಂಟ ಕಾಲುವೆ ತೋಡಿ, ಕೋಟೆಯೊಳಗೆ ತಂದರು. ಇಂದಿಗೂ ಆ ಬೆಟ್ಟಗಳಲ್ಲಿ ತಿರುಗಾಡುವವರು ಹಳೆಯ ಕಾಲುವೆಗಳ ಗುರುತು ಹಿಡಿದು ನಡೆಯುತ್ತಾರೆ. ನೀರು ದೊರೆತ ಆಲ್‌ಹಂಬ್ರಾ ತೋಟಗಳಿಂದ ನಳನಳಿಸುತ್ತಿದೆ. ಪರಸಗಡದ ಮೇಲೆ ಬೋಳುಕಲ್ಲು ಸುಡುತ್ತಿದೆ. ನಮ್ಮ ಗುಡ್ಡಕ್ಕೆ ಹೊಳೆ ಏರಿ ಬರಲಿಲ್ಲ, ಕೆಳಗೆ ಹರಿದುಹೋಯಿತು. ಕೊನೆಗೆ ಮನುಷ್ಯರೇ ಅದನ್ನು ಕೆಳಗೆ ತಡೆದು ನಿಲ್ಲಿಸಿದರು.

ಕೋಟೆಯ ತುದಿಯಲ್ಲಿ ನಿಂತು ನೋಡಿದರೆ ನಾಲ್ಕೂ ದಿಕ್ಕಿನ ನಾಡು ಹಾಸಿಬಿಟ್ಟಂತೆ ಕಾಣುತ್ತಿತ್ತು. ಮೂಡಲಕ್ಕೆ ನರಗುಂದ, ನವಲಗುಂದಗಳ ಎರೆಯ ಬಯಲು, ಕೊಯ್ದ ಜೋಳದ ಕೂಳೆಯಿಂದ ಹೊಂಬಣ್ಣ ತಳೆದು, ಕಣ್ಣು ಮುಟ್ಟುವವರೆಗೂ ಹರಡಿತ್ತು. ಪಡುವಣಕ್ಕೆ ರೇಣುಕಾಸಾಗರ, ಬಿಸಿಲಿಗೆ ತವರದ ತಗಡಿನಂತೆ ಹೊಳೆಯುವ ನೀರು. ಆ ನೀರಿನಾಚೆ ಬೈಲಹೊಂಗಲದ ಸೀಮೆ. ಕಿತ್ತೂರಿನ ರಾಣಿ ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ಕೊನೆಯುಸಿರೆಳೆದ ನೆಲ ಅದು. ಅದೇ ಸೀಮೆಯಲ್ಲಿ, ಮಲಪ್ರಭೆಯ ದಂಡೆಯಲ್ಲಿ, ವಕ್ಕುಂದ ಎಂಬ ಊರಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಎಲ್ಲಿದೆ ಎಂಬುದನ್ನು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆಗಳ ಜೊತೆಗೆ ಹೆಸರಿಸುವ ಒಕ್ಕುಂದ ಇದೇ. ಕಿಸುವೊಳಲೆಂದರೆ ಪಟ್ಟದಕಲ್ಲು, ಅದೂ ಮಲಪ್ರಭೆಯ ದಂಡೆಯ ಊರೇ. ಹೀಗೆ ನಾನು ನಿಂತ ಗುಡ್ಡದ ಪಡುವಣಕ್ಕೊಂದು, ಮೂಡಲಕ್ಕೊಂದು ಕನ್ನಡದ ಗಡಿಗಲ್ಲುಗಳಿದ್ದವು. ಎರಡನ್ನೂ ಒಂದೇ ಹೊಳೆ ಪೋಣಿಸಿತ್ತು.

ಅಜ್ಜ ಇದಾವುದನ್ನೂ ನೋಡುತ್ತಿರಲಿಲ್ಲ. ಕಣ್ಣಿಗೆ ಅಂಗೈಯನ್ನು ಮರೆಮಾಡಿಕೊಂಡು ನೀರಿನ ಒಂದೇ ಕಡೆಗೆ ದಿಟ್ಟಿಸುತ್ತಿದ್ದ. ಆ ವರ್ಷ ಮಳೆ ಸಾಲದೆ ಜಲಾಶಯ ಬಹಳಷ್ಟು ಇಳಿದಿತ್ತು. ದಂಡೆಯ ಸುತ್ತ ಕೆಸರಿನ ಬೂದುಪಟ್ಟಿ ಅಗಲವಾಗಿ ಕಾಣುತ್ತಿತ್ತು.

“ಅಗಾ, ಅಲ್ಲಿ ನೋಡು ತಮ್ಮಾ” ಎಂದು ಬಡಿಗೆಯನ್ನು ಚಾಚಿದ. “ಆ ನೀರಿನ ಮೂಲಿ ಐತೆಲ್ಲ, ಅದರ ಈಚೀಕ ಒಂದು ಕರೀ ಚುಕ್ಕಿ. ಅದು ನಮ್ಮೂರ ಗುಡಿ ಶಿಖರ. ಅದರ ಬಲಕ್ಕ ನಮ್ಮ ಮನಿ ಇತ್ತು. ಕಾಣಸ್ತೈತೇನು?”

ನಾನು ಕಣ್ಣು ಕಿರಿದು ಮಾಡಿ ನೋಡಿದೆ. ನೀರು ಕಂಡಿತು, ಕೆಸರು ಕಂಡಿತು, ನೀರಿನ ಮೇಲೆ ಕುಣಿಯುವ ಬಿಸಿಲು ಕಂಡಿತು. ಚುಕ್ಕಿ ಮಾತ್ರ ಕಾಣಲಿಲ್ಲ. ಆದರೆ ಅಜ್ಜನ ಧ್ವನಿಯಲ್ಲಿ ನಾನೆಂದೂ ಕೇಳದಿದ್ದ ಒಂದು ನಡುಕವಿತ್ತು. ಇಲ್ಲವೆನ್ನಲು ನನಗೆ ನಾಲಗೆ ಏಳಲಿಲ್ಲ.

“ಕಾಣಸ್ತೈತಿ ಅಜ್ಜಾ” ಎಂದೆ.

ಅಜ್ಜ ಬಡಿಗೆಯನ್ನು ಇಳಿಸಿದ. ನನ್ನ ಮುಖವನ್ನು ನೋಡಿದ. ಸಿಟ್ಟಿನಿಂದಲ್ಲ, ಹೊಲದಲ್ಲಿ ಸಾಲು ತಪ್ಪಿದ ಎಳೆಯ ಹೋರಿಯನ್ನು ನೋಡುವಂತೆ ನೋಡಿದ.

“ಸುಳ್ಳ ಹೇಳಬ್ಯಾಡ. ಕಾಣದಿದ್ರ ಕಾಣವಲ್ದು ಅನ್ನಬೇಕು. ನೀ ಹುಟ್ಟಿದ ಮ್ಯಾಲ ಆ ಊರು ಇರಲಿಲ್ಲ. ನಿನಗ ಹ್ಯಾಂಗ ಕಾಣಬೇಕು? ಕಾಣಲಿಲ್ಲಂದ್ರ ತಪ್ಪಿಲ್ಲ. ಆದ್ರ ಅಲ್ಲಿ ಒಂದು ಊರಿತ್ತು ಅನ್ನೂದನ್ನ ಮರೀಬ್ಯಾಡ.”

ನನಗೆ ನಾಚಿಕೆಯಾಯಿತು. ತಲೆ ತಗ್ಗಿಸಿ ಕುಳಿತೆ. ಅಜ್ಜನೂ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳತೊಡಗಿದ. ನಮ್ಮ ಮನೆತನ ಮುಳುಗಡೆಯ ಊರಿನಿಂದ ಬಂದದ್ದೆಂಬುದು ನನಗೆ ಗೊತ್ತಿತ್ತು; ಆದರೆ ಅದು ನನ್ನ ಪಾಲಿಗೆ ರೇಷನ್ ಕಾರ್ಡಿನಲ್ಲಿ ಬರೆದ ವಿಳಾಸದಂಥ ಒಂದು ಮಾತಾಗಿತ್ತು. ಆ ದಿನ ಅದಕ್ಕೆ ಓಣಿಗಳು ಮೂಡಿದವು, ಬಾವಿ ಮೂಡಿತು, ಬಾವಿಯ ಕಟ್ಟೆಯ ಬೇವಿನ ಗಿಡ ಮೂಡಿತು. ನೀರು ಒಮ್ಮೆಲೆ ಬರಲಿಲ್ಲವಂತೆ. ಮೊದಲು ಹೊಳೆಯ ದಂಡೆಯ ಬದನೆಯ ತೋಟಕ್ಕೆ ಬಂದಿತು. ಬಳಿಕ ಕಣಕ್ಕೆ ಬಂದಿತು. ಜನ ತಮ್ಮ ಮನೆಗಳ ತೊಲೆ, ಬಾಗಿಲು, ಹೊಸ್ತಿಲುಗಳನ್ನು ತಾವೇ ಕಿತ್ತು ಚಕ್ಕಡಿಗೆ ಹೇರಿದರು. ಊರದೇವರನ್ನು ಹೊಸ ಊರಿಗೆ ಮೆರವಣಿಗೆಯಲ್ಲಿ ಒಯ್ದರು. ಕಲ್ಲಿನ ಗುಡಿಯನ್ನು ಒಯ್ಯಲಾಗಲಿಲ್ಲ. ನಮ್ಮ ಎತ್ತುಗಳು ಒಂದು ತಿಂಗಳವರೆಗೆ ಸಂಜೆಯಾದೊಡನೆ ಹಗ್ಗ ಹರಿದುಕೊಂಡು ಹಳೆಯ ಊರಿನ ಹಾದಿ ಹಿಡಿಯುತ್ತಿದ್ದವಂತೆ. ನೀರಿನ ಅಂಚಿನಲ್ಲಿ ನಿಂತ ಅವನ್ನು ಅಜ್ಜ ಹಿಡಿದು ತರುತ್ತಿದ್ದ.

“ನಿನಗ ಸಿಟ್ಟು ಬರಲಿಲ್ಲೇನು ಅಜ್ಜಾ?” ಎಂದು ಕೇಳಿದೆ.

ಅಜ್ಜ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಮೂಡಲ ಕಡೆಗೆ, ಬಯಲಿನ ಕಡೆಗೆ ಬಡಿಗೆ ತೋರಿಸಿದ. “ನಿಮ್ಮ ಅತ್ತಿನ್ನ ಕೊಟ್ಟಿದ್ದು ಆ ಸೀಮಿಗಿ. ಕೊಡಾ ಹೊತ್ತು ಹೊತ್ತು ಅಲ್ಲಿ ಹೆಣ್ಣಮಕ್ಕಳ ನೆತ್ತಿ ಸವದಿದ್ದವು. ಈಗ ಅವರ ಹೊಲದ ಬದುವಿಗಿ ಕಾಲವಿ ನೀರು ಬಂದೈತಿ. ಅದೂ ಖರೆ. ನಮ್ಮೂರು ಹೋತು. ಇದೂ ಖರೆ. ಒಂದು ಖರೆ ಹೇಳಿ ಇನ್ನೊಂದನ್ನ ಮುಚ್ಚಬಾರದು ನೋಡು.”

ಎಷ್ಟೋ ಗ್ರಂಥಗಳನ್ನು ಓದಿದ ಮೇಲೂ ಇದಕ್ಕಿಂತ ನೇರವಾದ ಮಾತನ್ನು ನಾನು ಕಂಡಿಲ್ಲ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 300 ಕಿಲೋಮೀಟರು ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಗೆ ನವಿಲುತೀರ್ಥದ ಬಳಿ ಗುಡ್ಡದ ಸಾಲು ಅಡ್ಡ ಬರುತ್ತದೆ. ಹೊಳೆ ಆ ಗಟ್ಟಿ ಕಲ್ಲನ್ನೇ ಕೊರೆದು ಕಿರಿದಾದ ಕಣಿವೆ ಮಾಡಿಕೊಂಡಿದೆ. ಗುಡ್ಡದ ಮೇಲಿನ ನವಿಲೊಂದು ಕೂಗಿ ಕರೆಯಿತೆಂದೂ, ಹೊಳೆ ಬೆಟ್ಟವನ್ನು ಸೀಳಿಕೊಂಡು ಬಂದಿತೆಂದೂ ಅಜ್ಜ ಹೇಳುತ್ತಿದ್ದ ಕಥೆ. ಆ ಕಣಿವೆಯ ಬಾಯಿಯನ್ನು ಮುಚ್ಚಿದ ಅಣೆಕಟ್ಟು 1972ರಲ್ಲಿ ಪೂರ್ಣಗೊಂಡಿತು. ಅದರ ಹಿಂದೆ ನಿಲ್ಲಬಲ್ಲ ನೀರು 37.73 ಟಿ.ಎಂ.ಸಿ. ಅಡಿ, ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಜಿಲ್ಲೆಗಳ ಹೊಲಗಳಿಗೆ ಈ ನೀರು ಹರಿಯುತ್ತದೆ. ಹುಬ್ಬಳ್ಳಿ ಧಾರವಾಡಗಳ ಜನ ಕುಡಿಯುವುದೂ ಇದನ್ನೇ. ಬಯಲಿಗೆ ಬಂದ ನೀರು ಸುಖವನ್ನು ಮಾತ್ರ ತರಲಿಲ್ಲ ಎಂಬುದೂ ನಿಜ. ನೀರಾವರಿಯ ಕರದ ಭಾರವನ್ನು ಪ್ರತಿಭಟಿಸಿ ನರಗುಂದ, ನವಲಗುಂದಗಳ ರೈತರು 1980ರ ಜುಲೈ 21ರಂದು ಬೀದಿಗಿಳಿದರು. ಆ ದಿನ ಪ್ರಾಣಗಳೂ ಹೋದವು. ಇಂದಿಗೂ ಆ ಸೀಮೆಯವರು ಆ ದಿನವನ್ನು ನೆನೆಯುತ್ತಾರೆ. ನೀರಿನ ಕಥೆಯಲ್ಲಿ ಕೊಟ್ಟವರೂ ಪಡೆದವರೂ ಇಬ್ಬರೂ ಬೆಲೆ ತೆತ್ತಿದ್ದಾರೆ.

ಮಧ್ಯಾಹ್ನ ಗುಡ್ಡದ ನೆತ್ತಿಗುಂಟ ನಡೆದು ಎಲ್ಲಮ್ಮನ ಗುಡ್ಡ ಸೇರಿದೆವು. ಒಂದು ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಜಾತ್ರೆ ಮುಗಿದಿದ್ದರೂ ಪರಸ್ಥಳದವರು ಪೂರ್ತಿ ಹೋಗಿರಲಿಲ್ಲ. ಅಲ್ಲಲ್ಲಿ ಚಕ್ಕಡಿಗಳು ನಿಂತಿದ್ದವು. ಮೂರು ಕಲ್ಲಿನ ಒಲೆಗಳಿಂದ ಹೊಗೆ ಏಳುತ್ತಿತ್ತು. ಭಂಡಾರದಿಂದ ಹಳದಿಯಾದ ನೆಲ, ಚೌಡಿಕೆಯ ನಾದ, ‘ಉಧೋ ಉಧೋ’ ಎಂಬ ಕೂಗು, ತಲೆಯ ಮೇಲೆ ದೇವಿಯ ಜಗ ಹೊತ್ತು ನಡೆಯುವ ಹೆಂಗಸರು. ನಮ್ಮ ಪಕ್ಕದಲ್ಲಿ ಮಹಾರಾಷ್ಟ್ರದ ಕಡೆಯ ಒಂದು ಕುಟುಂಬ ಊಟಕ್ಕೆ ಕುಳಿತಿತ್ತು. ಅವರ ಮರಾಠಿ ನಮಗೆ ಅರ್ಧ ತಿಳಿಯುತ್ತಿತ್ತು, ನಮ್ಮ ಕನ್ನಡ ಅವರಿಗೆ ಅರ್ಧ. ಆ ಮನೆಯ ಹಿರಿಯಳು ಹೋಳಿಗೆಯನ್ನು ನನ್ನ ಕೈಗಿತ್ತಳು. ಅಜ್ಜ ಶೇಂಗಾ ಹಿಂಡಿಯನ್ನು ಅವರ ಎಲೆಗೆ ಹಾಕಿದ. ಊಟಕ್ಕೆ ಇಷ್ಟು ಭಾಷೆ ಸಾಕಾಗಿತ್ತು.

ಈಗಿನ ದೇವಾಲಯವನ್ನು ರಾಯಬಾಗದ ಬೊಮ್ಮಪ್ಪ ನಾಯಕ 1514ರಲ್ಲಿ ಕಟ್ಟಿಸಿದನೆಂದು ಹೇಳುತ್ತಾರೆ. ಜಮದಗ್ನಿಯ ಮಡದಿ ರೇಣುಕೆ ಇಲ್ಲಿ ಎಲ್ಲರ ಅಮ್ಮ, ಎಲ್ಲಮ್ಮ. ತಂದೆಯ ಮಾತಿಗೆ ಮಗ ಪರಶುರಾಮ ಅವಳ ಶಿರವನ್ನು ಕಡಿದನೆಂದೂ, ಬಳಿಕ ಅವಳು ಜೀವ ಪಡೆದಳೆಂದೂ ಪುರಾಣ. ನೊಂದ ತಾಯಿಯೊಬ್ಬಳು ದೇವಿಯಾದುದರಿಂದಲೇ ಇರಬೇಕು, ನೊಂದವರೆಲ್ಲ ಅವಳ ಬಳಿಗೆ ಬರುತ್ತಾರೆ. ಆದರೆ ಆ ತಾಯಿಯ ಹೆಸರಿನಲ್ಲಿಯೇ ಬಡವರ ಮನೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವ ಕ್ರೂರ ಪದ್ಧತಿಯೂ ನಡೆದುಬಂದಿತ್ತು. ಕರ್ನಾಟಕ ಸರ್ಕಾರ 1982ರಲ್ಲಿ ಅದನ್ನು ನಿಷೇಧಿಸುವ ಕಾನೂನು ಮಾಡಿತು. ಗುಡಿಯ ಹಾದಿಯಲ್ಲಿ ನನ್ನ ವಯಸ್ಸಿನ ಒಬ್ಬ ಹುಡುಗಿ, ಕೊರಳಲ್ಲಿ ಮುತ್ತು ಕಟ್ಟಿಕೊಂಡವಳು, ಬುಟ್ಟಿ ಹಿಡಿದು ನಿಂತಿದ್ದಳು. ಅಜ್ಜ ಉಳಿದ ರೊಟ್ಟಿಗಳನ್ನು ಅವಳ ಬುಟ್ಟಿಗೆ ಹಾಕಿ, “ಸಾಲಿಗಿ ಹೋಗವಾ” ಎಂದ. ಅವಳು ಏನೂ ಹೇಳಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಅವಳಿಗೂ ಒಂದು ಜಾಗ ಇರಬಹುದಿತ್ತು ಎಂದು ನನಗೆ ಆಗ ಹೊಳೆಯಲಿಲ್ಲ. ಈಗ ಆ ಮುಖ ನೆನಪಾದಾಗಲೆಲ್ಲ ಹೊಳೆಯುತ್ತದೆ.

ಜೋಗುಳಬಾವಿಯ ಕಡೆಯಿಂದ ಇಳಿಯುವಾಗ ಹೊತ್ತು ಪಡುವಣಕ್ಕೆ ವಾಲಿತ್ತು. ಏರುವಾಗ ಮುಂದಿದ್ದ ಅಜ್ಜ ಇಳಿಯುವಾಗ ಹಿಂದೆ ಉಳಿದ. ಅವನ ಮೊಣಕಾಲು ನೋಯುತ್ತಿತ್ತು. ನಾನು ಹೆಗಲು ಕೊಟ್ಟೆ. ಊರು ಹತ್ತಿರ ಬಂದಾಗ ನೀರಿನ ಮೇಲೆ ಸೂರ್ಯ ಮುಳುಗುತ್ತಿದ್ದ. ಅಜ್ಜ ಆ ಕಡೆಗೆ ಮತ್ತೆ ನೋಡಲಿಲ್ಲ. ಮನೆಯ ಹೊಸ್ತಿಲನ್ನು ದಾಟುವಾಗ ಮಾತ್ರ ಬಾಗಿ ಅದನ್ನು ಕೈಯಿಂದ ಮುಟ್ಟಿ ಹಣೆಗೊತ್ತಿಕೊಂಡ. ಹಳೆಯ ಊರಿನಿಂದ ಕಿತ್ತು ತಂದ ಹೊಸ್ತಿಲು ಅದೇ ಎಂಬುದು ನನಗೆ ಆ ದಿನ ಗೊತ್ತಾಯಿತು. ಅಷ್ಟು ವರ್ಷ ಅದನ್ನು ತುಳಿದೇ ಓಡಾಡಿದ್ದೆ.

ಅಜ್ಜ ತೀರಿಹೋಗಿ ಬಹಳ ವರ್ಷಗಳಾದವು. 2019ರ ಆಗಸ್ಟಿನಲ್ಲಿ ಜಲಾಶಯ ತುಂಬಿ, ಹೊರಬಿಟ್ಟ ನೀರು ಮುನವಳ್ಳಿ, ರಾಮದುರ್ಗಗಳ ಓಣಿಗಳಿಗೆ ನುಗ್ಗಿತು. ನೆಂಟರ ಮನೆಯ ಸಾಮಾನುಗಳನ್ನು ಟ್ರ್ಯಾಕ್ಟರಿಗೆ ಹೇರಲು ನಾನೂ ಹೋಗಿದ್ದೆ. ಒಬ್ಬ ಮುದುಕಿ ಕಿತ್ತ ಬಾಗಿಲ ಪಕ್ಕದಲ್ಲಿ ಕುಳಿತಿದ್ದಳು. ಅಜ್ಜ ಹೇಳಿದ್ದೆಲ್ಲ ನನ್ನ ಕಣ್ಣ ಮುಂದೆ ನಡೆದಂತಾಯಿತು. ಕಟ್ಟೆಯ ಮೇಲಿನವರು ಅಂದು ಮುಳುಗಿದರು, ಕೆಳಗಿನವರು ಇಂದು ಮುಳುಗಿದರು. ಹೊಳೆಯನ್ನು ಕಟ್ಟಿಹಾಕಿದವರು ಅದರ ನಡೆಯನ್ನು ಅನುಗಾಲವೂ ಕಾಯುತ್ತಿರಬೇಕಾಗುತ್ತದೆ.

ಮುಂದೆ ಒಂದು ಬೇಸಗೆಯ ಆರಂಭದಲ್ಲಿ ನನ್ನ ಮಗಳನ್ನು ಕರೆದುಕೊಂಡು ಪರಸಗಡ ಹತ್ತಿದೆ. ಅವಳೂ ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ಹಾಸುಬಂಡೆಯ ಗೆರೆಗಳ ಮೇಲೆ ಅವಳ ಕೈಯಾಡಿಸಿದೆ. ಕೋಟೆಯ ತುದಿಯಲ್ಲಿ ನಿಂತು ನೀರಿನ ಮೂಲೆಯನ್ನು ತೋರಿಸಿದೆ. “ಅಲ್ಲಿ ನಮ್ಮ ಊರಿತ್ತು. ಗುಡಿಯ ಶಿಖರ ಕಾಣಸ್ತೈತೇನು ನೋಡವಾ” ಎಂದೆ.

ಅವಳು ಬಹಳ ಹೊತ್ತು ನೋಡಿದಳು. “ಇಲ್ಲಪ್ಪಾ, ನನಗೇನೂ ಕಾಣವಲ್ದು” ಎಂದಳು.

ನನಗೂ ಕಾಣುತ್ತಿರಲಿಲ್ಲ. ಆದರೂ ಆ ಉತ್ತರದಿಂದ ನನಗೆ ಸಮಾಧಾನವಾಯಿತು. ಅವಳ ವಯಸ್ಸಿನಲ್ಲಿ ನಾನು ಹೇಳಲಾರದೆಹೋದ ಮಾತನ್ನು ಅವಳು ಹೇಳಿದ್ದಳು.

ಸ್ವಲ್ಪ ಹೊತ್ತು ಬಿಟ್ಟು ಅವಳೇ ಕೇಳಿದಳು: “ಆ ಊರಿನ ಹೆಸರೇನಪ್ಪಾ?”

ಹೇಳಿದೆ. ಅವಳು ಅದನ್ನು ಮರೆಯದಂತೆ ಎರಡು ಸಲ ಗಟ್ಟಿಯಾಗಿ ಅಂದುಕೊಂಡಳು. ಬಳಿಕ ಇಬ್ಬರೂ ಬುತ್ತಿ ಬಿಚ್ಚಲು ನೆರಳು ಹುಡುಕುತ್ತಾ ಎಲ್ಲಮ್ಮನ ಗುಡ್ಡದ ಹಾದಿ ಹಿಡಿದೆವು.